ಕೊರಿಯಾದ ರಾಮ್ಯನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯಾದ ಧಾರಾವಾಹಿಗಳನ್ನು ನೋಡುವವರು ಹೆಚ್ಚಿದಂತೆಲ್ಲ ಅಲ್ಲಿನ ದಿಢೀರ್ ನೂಡಲ್ಸ್ ಆದ ರಾಮ್ಯನ್ ಬಗ್ಗೆ ಕೇಳುವವರೂ ಹೆಚ್ಚಿದ್ದಾರೆ. ನೀರು ಎಷ್ಟು ಹಾಕಬೇಕು, ಮಾಂಸ ಇದೆಯೇ, ಮಕ್ಕಳಿಗೆ ಕೊಡಬಹುದೇ, ಅಷ್ಟು ಕೆಂಪಗಿರುವುದನ್ನು ತಿಂದರೆ ಹೊಟ್ಟೆ ಕೆಡುವುದಿಲ್ಲವೇ ಎಂದು ಕೇಳುತ್ತಲೇ ಇರುತ್ತಾರೆ. ಪೊಟ್ಟಣದಲ್ಲಿ ಬರುವುದು ಅರ್ಧ ಅಡುಗೆ ಮಾತ್ರ, ಉಳಿದರ್ಧ ಒಲೆಯ ಮುಂದೆ ನಿಂತವರ ಕೈಯಲ್ಲಿದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಕೆಳಗಿನ ಉತ್ತರಗಳನ್ನೂ ಅದೇ ನಂಬಿಕೆಯಿಂದ ಬರೆದಿದ್ದೇನೆ.

ಪ್ರಶ್ನೆ: ರಾಮ್ಯನ್ ಎಂದರೆ ನಮ್ಮ ಅಂಗಡಿಯ ಎರಡು ನಿಮಿಷದ ನೂಡಲ್ಸ್ ತಾನೇ?

ತಯಾರಿಸುವ ವಿಧಾನ ಒಂದೇ, ಊಟ ಬೇರೆ. ಗೋಧಿ ಹಿಟ್ಟಿನ ಎಳೆಗಳನ್ನು ಹಬೆಯಲ್ಲಿ ಬೇಯಿಸಿ, ಸುಮಾರು 150 ಡಿಗ್ರಿ ಕಾದ ಎಣ್ಣೆಯಲ್ಲಿ ಒಂದೆರಡು ನಿಮಿಷ ಕರಿಯುತ್ತಾರೆ. ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುವಾಗ ಎಳೆಯ ತುಂಬ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಬಿಸಿನೀರಿಗೆ ಬಿದ್ದ ಕೂಡಲೇ ಆ ರಂಧ್ರಗಳು ನೀರು ಹೀರಿಕೊಳ್ಳುವುದರಿಂದಲೇ ನೂಡಲ್ಸ್ ನಿಮಿಷಗಳಲ್ಲಿ ಸಿದ್ಧವಾಗುತ್ತದೆ. ಇಲ್ಲಿಯವರೆಗೆ ಎಲ್ಲ ದೇಶದ ನೂಡಲ್ಸ್‌ಗೂ ಕಥೆ ಒಂದೇ.

ವ್ಯತ್ಯಾಸ ಶುರುವಾಗುವುದು ಸಾರಿನಲ್ಲಿ. ನಾವು ನೀರು ಇಂಗಿಸಿ ಮಸಾಲೆ ಅಂಟಿದ ನೂಡಲ್ಸ್ ತಿನ್ನುತ್ತೇವೆ. ಕೊರಿಯನ್ನರು ಬಟ್ಟಲು ತುಂಬ ಸಾರು ಇಟ್ಟುಕೊಂಡು, ಎಳೆಗಳನ್ನು ಅದರಿಂದ ಎತ್ತಿ ತಿಂದು, ಕೊನೆಗೆ ಸಾರನ್ನೂ ಕುಡಿಯುತ್ತಾರೆ. ಅಲ್ಲಿನ ಎಳೆ ದಪ್ಪ. ಗೋಧಿ ಹಿಟ್ಟಿಗೆ ಆಲೂಗಡ್ಡೆ ಪಿಷ್ಟ ಬೆರೆಸುವುದರಿಂದ ಹಲ್ಲಿಗೆ ಎದುರು ನಿಲ್ಲುವ ಗುಣ ಬರುತ್ತದೆ. ಪೊಟ್ಟಣವೂ ದೊಡ್ಡದು: ನಮ್ಮದು 60–70 ಗ್ರಾಂ ಇದ್ದರೆ ಅಲ್ಲಿನದು ಸಾಮಾನ್ಯವಾಗಿ 120 ಗ್ರಾಂ ಆಸುಪಾಸು. ಅದು ಸಂಜೆಯ ತಿಂಡಿಯ ಅಳತೆಯಲ್ಲ, ಒಬ್ಬರ ಒಂದು ಹೊತ್ತಿನ ಊಟ.

ಪ್ರಶ್ನೆ: ಜಪಾನಿನ ರಾಮೆನ್ ಕೂಡ ಇದೇ ಅಲ್ಲವೇ?

ಅಲ್ಲ. ಜಪಾನಿನಲ್ಲಿ ರಾಮೆನ್ ಎಂದರೆ ಮೊದಲು ನೆನಪಾಗುವುದು ಗಂಟೆಗಟ್ಟಲೆ ಕುದಿಸಿದ ಸಾರು, ತಾಜಾ ನೂಡಲ್ಸ್ ಕೊಡುವ ಅಂಗಡಿ. ಕೊರಿಯಾದಲ್ಲಿ ರಾಮ್ಯನ್ ಎಂದರೆ ಪೊಟ್ಟಣದ ನೂಡಲ್ಸೇ. ಹೋಟೆಲಿನಲ್ಲಿ ಕೇಳಿದರೂ ಪೊಟ್ಟಣ ಒಡೆದೇ ಮಾಡಿಕೊಡುತ್ತಾರೆ, ಅದನ್ನು ಯಾರೂ ಕೀಳಾಗಿ ನೋಡುವುದಿಲ್ಲ.

ಪ್ರಶ್ನೆ: ಇದು ಕೊರಿಯಾಕ್ಕೆ ಬಂದದ್ದು ಹೇಗೆ?

ಹಸಿವಿನಿಂದ. ಜಪಾನಿನಲ್ಲಿ ಮೊಮೊಫುಕು ಆಂಡೊ 1958ರಲ್ಲಿ ಮೊದಲ ದಿಢೀರ್ ನೂಡಲ್ಸನ್ನು ಮಾರುಕಟ್ಟೆಗೆ ತಂದರು. ಆ ಹೊತ್ತಿಗೆ ಕೊರಿಯಾ ಯುದ್ಧ ಮುಗಿದು ಐದು ವರ್ಷವಾಗಿತ್ತು, ದೇಶ ಇನ್ನೂ ಚೇತರಿಸಿಕೊಂಡಿರಲಿಲ್ಲ. ಸಿಯೋಲ್‌ನ ನಾಮ್‌ದೇಮುನ್ ಮಾರುಕಟ್ಟೆಯಲ್ಲಿ ಜನ ಉದ್ದನೆಯ ಸಾಲಿನಲ್ಲಿ ನಿಲ್ಲುತ್ತಿದ್ದುದು ಒಂದು ಬಗೆಯ ಗಂಜಿಗಾಗಿ. ಅಮೆರಿಕನ್ ಸೇನಾ ಶಿಬಿರಗಳಲ್ಲಿ ತಿಂದು ಬಿಟ್ಟದ್ದನ್ನೆಲ್ಲ ಒಟ್ಟಿಗೆ ಹಾಕಿ ಕುದಿಸಿದ ಗಂಜಿ ಅದು. ವಿಮಾ ವ್ಯವಹಾರದಲ್ಲಿದ್ದ ಜಿಯೊನ್ ಜುಂಗ್-ಯುನ್ ಎಂಬವರು ಈ ಸಾಲನ್ನು ಕಂಡರು. ಜಪಾನಿನಲ್ಲಿ ತಾವು ತಿಂದಿದ್ದ ನೂಡಲ್ಸ್ ಅವರಿಗೆ ನೆನಪಾಯಿತು. ಜಪಾನಿನ ಮಿಯೊಜೊ ಕಂಪನಿ ಅವರಿಗೆ ತಂತ್ರಜ್ಞಾನವನ್ನು ಶುಲ್ಕವಿಲ್ಲದೆ ಹೇಳಿಕೊಟ್ಟಿತು. 1963ರ ಸೆಪ್ಟೆಂಬರ್ 15ರಂದು ಜಿಯೊನ್ ಅವರ ಸಾಮ್ಯಾಂಗ್ ಕಂಪನಿ ಕೊರಿಯಾದ ಮೊದಲ ರಾಮ್ಯನ್ ಹೊರತಂದಿತು. 100 ಗ್ರಾಂ ಪೊಟ್ಟಣಕ್ಕೆ ಬೆಲೆ 10 ವಾನ್.

ಜನ ಮೊದಲು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅನ್ನ, ಸಾರು ಉಣ್ಣುವವರಿಗೆ ಈ ಒಣ ಎಳೆಗಳು ಅಪರಿಚಿತ. ಕಂಪನಿಯವರು ಬೀದಿಗಿಳಿದು, ಅಲ್ಲೇ ಬೇಯಿಸಿ, ಬಿಟ್ಟಿಯಾಗಿ ರುಚಿ ತೋರಿಸಬೇಕಾಯಿತು. ಸರ್ಕಾರವೂ ಕೈಜೋಡಿಸಿತು. ಅಕ್ಕಿಯ ಕೊರತೆ ಎಷ್ಟಿತ್ತೆಂದರೆ, ಬಾರ್ಲಿ ಮುಂತಾದ ಧಾನ್ಯ ಬೆರೆಸಿದ ಅನ್ನವನ್ನೂ ಗೋಧಿ ಹಿಟ್ಟಿನ ತಿನಿಸುಗಳನ್ನೂ ತಿನ್ನಿರೆಂದು ಸರ್ಕಾರವೇ ಪ್ರಚಾರ ಮಾಡುತ್ತಿತ್ತು. ಶಾಲೆಯಲ್ಲಿ ಮೇಷ್ಟರು ಮಕ್ಕಳ ಬುತ್ತಿಯ ಮುಚ್ಚಳ ತೆಗೆಸಿ, ಅನ್ನಕ್ಕೆ ಬಾರ್ಲಿ ಬೆರೆಸಿದ್ದಾರೆಯೇ ಎಂದು ನೋಡುತ್ತಿದ್ದರು. ಗೋಧಿ ಬರುತ್ತಿದ್ದುದು ಅಮೆರಿಕದ ನೆರವಿನಿಂದ. ಪಿ.ಎಲ್. 480 ಯೋಜನೆಯ ಆ ಗೋಧಿ ಭಾರತಕ್ಕೂ ಬರುತ್ತಿತ್ತು. ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ನಮ್ಮ ಹಿರಿಯರಿಗೆ ಅದರ ನೆನಪಿರುತ್ತದೆ.

ಪ್ರಶ್ನೆ: ಮೊದಲಿನಿಂದಲೂ ಇಷ್ಟು ಖಾರವೇ?

ಇಲ್ಲ. 1963ರ ರಾಮ್ಯನ್ ಕೋಳಿ ಸಾರಿನ, ಜಪಾನೀ ಶೈಲಿಯ ಸಪ್ಪೆ ರುಚಿಯದು. ಕೊರಿಯನ್ನರ ನಾಲಿಗೆಗೆ ತಕ್ಕಂತೆ ಮೆಣಸಿನ ಪುಡಿ, ಬೆಳ್ಳುಳ್ಳಿ, ಗೋಮಾಂಸದ ಸಾರ ಒಂದೊಂದಾಗಿ ಸೇರಿದವು. ಇಂದು ಜಗತ್ತು ಗುರುತಿಸುವ ಆ ಕೆಂಪು ಸಾರಿಗೆ ಗಟ್ಟಿ ರೂಪ ಕೊಟ್ಟದ್ದು 1986ರಲ್ಲಿ ನಾಂಗ್‌ಶಿಮ್ ಕಂಪನಿ ತಂದ ಶಿನ್ ರಾಮ್ಯನ್. 1991ರಲ್ಲಿ ಅದು ಕೊರಿಯಾದ ಮಾರುಕಟ್ಟೆಯ ಮೊದಲ ಸ್ಥಾನಕ್ಕೇರಿತು.

ಪ್ರಶ್ನೆ: ಇದು ಬಡವರ ಊಟ ಎನ್ನುತ್ತಾರಲ್ಲ?

ಒಂದು ಕಾಲದಲ್ಲಿ ಆ ಮಾತಿತ್ತು. ಅದಕ್ಕೆ ಅಂಟಿಕೊಂಡ ಒಂದು ಪ್ರಸಿದ್ಧ ಕಥೆಯಲ್ಲಿ ಭಾರತವೂ ಇದೆ. 1986ರ ಸಿಯೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಇಮ್ ಚುನ್-ಏ ಎಂಬ ಹದಿಹರೆಯದ ಹುಡುಗಿ 800, 1500 ಮತ್ತು 3000 ಮೀಟರ್ ಓಟಗಳಲ್ಲಿ ಚಿನ್ನ ಗೆದ್ದಳು. 800 ಮೀಟರಿನಲ್ಲಿ ಮೊದಲು ಗುರಿ ಮುಟ್ಟಿದವರು ನಮ್ಮ ಶೈನಿ ಅಬ್ರಹಾಂ. ತಮ್ಮ ಪಥವನ್ನು ನಿಗದಿತ ಜಾಗಕ್ಕಿಂತ ಮೊದಲೇ ಬಿಟ್ಟರೆಂದು ಅವರನ್ನು ಅನರ್ಹಗೊಳಿಸಿದ್ದರಿಂದ ಚಿನ್ನ ಇಮ್‌ಗೆ ಹೋಯಿತು. ಆಮೇಲೆ ಕೊರಿಯಾದ ಪತ್ರಿಕೆಗಳಲ್ಲಿ ‘ರಾಮ್ಯನ್ ತಿಂದೇ ಓಡಿದ ಹುಡುಗಿ’ ಎಂಬ ಕಥೆ ಹಬ್ಬಿತು. ಬಡತನದ ಮನೆ ಅವಳದು ಎಂಬುದು ನಿಜ. ಆದರೆ ರಾಮ್ಯನ್ ತಿಂದೇ ಬದುಕಿದಳು ಎಂಬುದು ಬೆಳೆಸಿದ ಮಾತು. ಅದು ತನಗೆ ತಿಂಡಿಯಷ್ಟೇ ಆಗಿತ್ತು ಎಂದು ಆಕೆಯೇ ಮುಂದೆ ಸ್ಪಷ್ಟಪಡಿಸಿದರು. ಕ್ರೀಡಾಪಟುವೊಬ್ಬಳ ಪರಿಶ್ರಮವನ್ನೆಲ್ಲ ಒಂದು ಪೊಟ್ಟಣಕ್ಕೆ ಇಳಿಸಿಬಿಟ್ಟ ಆ ಬರವಣಿಗೆ ನನಗೆ ಇಂದಿಗೂ ನೋವು ತರುತ್ತದೆ.

ಈಗ ರಾಮ್ಯನ್ ಎಲ್ಲರ ಊಟ. ಕೊರಿಯಾದಲ್ಲಿ ವರ್ಷಕ್ಕೆ ತಲಾ 75ರಿಂದ 80 ಪೊಟ್ಟಣಗಳಷ್ಟು ಖರ್ಚಾಗುತ್ತದೆ. ತಲಾ ಲೆಕ್ಕದಲ್ಲಿ ಅದಕ್ಕಿಂತ ಮುಂದಿರುವುದು ವಿಯೆಟ್ನಾಂ. 2008ರಲ್ಲಿ ಕೊರಿಯಾದ ಮೊದಲ ಗಗನಯಾತ್ರಿ ಯಿ ಸೋ-ಯೊನ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಕಿಮ್ಚಿಯ ಜೊತೆ ರಾಮ್ಯನ್ ಕೂಡ ಹೋಗಿತ್ತು. 2024ರಲ್ಲಿ ರಾಮ್ಯನ್ ರಫ್ತು ನೂರು ಕೋಟಿ ಡಾಲರ್ ದಾಟಿತು.

ಪ್ರಶ್ನೆ: ಅಂಗಡಿಯಲ್ಲಿ ಹತ್ತು ಬಗೆ ಇವೆ. ಮೊದಲ ಬಾರಿಗೆ ಯಾವುದನ್ನು ಕೊಳ್ಳಲಿ?

ಖಾರ ತಡೆಯುವವರಿಗೆ ಶಿನ್. ಅಷ್ಟು ಖಾರ ಬೇಡ ಎನ್ನುವವರಿಗೆ 1988ರಿಂದ ಇರುವ ಒಟ್ಟೋಗಿ ಕಂಪನಿಯ ಜಿನ್ ರಾಮ್ಯನ್. ಅದು ಮೆದು, ಖಾರ ಎಂದು ಎರಡು ರೂಪಗಳಲ್ಲಿ ಬರುತ್ತದೆ. ಮೀನು, ಸಿಗಡಿ ಇಷ್ಟಪಡುವ ಕರಾವಳಿಯವರು ನೊಗುರಿ ಹುಡುಕಲಿ. ಅದರ ಎಳೆ ದಪ್ಪ, ಸಾರಿಗೆ ಸಮುದ್ರದ ಘಮ, ಪೊಟ್ಟಣದೊಳಗೆ ಒಣಗಿಸಿದ ಕಡಲಕಳೆಯ ಒಂದು ತುಂಡೂ ಇರುತ್ತದೆ. ಆ ತುಂಡನ್ನು ತಣ್ಣೀರಿಗೇ ಹಾಕಿ ಕುದಿಸಬೇಕು. ಕಪ್ಪು ಸಾಸಿನ ಚಾಪಗೆಟ್ಟಿಯಲ್ಲಿ ಖಾರವೇ ಇಲ್ಲ. ಕೊರಿಯಾದ ಮಕ್ಕಳು ಭಾನುವಾರ ಕಾಯುವುದು ಅದಕ್ಕೆ. ಬೇಸಿಗೆಗೆ ಪಾಲ್ಡೋ ಕಂಪನಿಯ ಬಿಬಿಮ್-ಮ್ಯನ್ ಇದೆ. ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಹುಳಿ-ಸಿಹಿ-ಖಾರದ ಸಾಸ್ ಕಲಸಿ ತಣ್ಣಗೆ ತಿನ್ನುವಂಥದು. ಬುಲ್ಡಾಕ್‌ನಿಂದ ಮಾತ್ರ ಆರಂಭಿಸಬೇಡಿ. ಅದರ ಬಗ್ಗೆ ಮುಂದೆ ಹೇಳಿದ್ದೇನೆ.

ಲೋಟದಲ್ಲಿ ಬರುವ ನೂಡಲ್ಸ್ ಪ್ರಯಾಣಕ್ಕೆ ಸರಿ. ಮನೆಯಲ್ಲಿ ಒಲೆ ಇರುವಾಗ ಪೊಟ್ಟಣದ್ದನ್ನೇ ಕೊಳ್ಳಿ. ಲೋಟದ ಎಳೆಗಳನ್ನು ಬಿಸಿನೀರು ಸುರಿದರೆ ಸಾಕೆನ್ನುವಂತೆ ತೆಳ್ಳಗೆ ಮಾಡಿರುತ್ತಾರೆ. ಕುದಿಯುವ ಪಾತ್ರೆಯಲ್ಲಿ ಬೆಂದ ಎಳೆಯ ಬಿಗಿ ಅದಕ್ಕೆ ಬರುವುದಿಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ನಮಗೆ ಏನಾದರೂ ಇದೆಯೇ?

ಇದೆ, ಆದರೆ ಪೊಟ್ಟಣ ತಿರುಗಿಸಿ ಓದದೆ ಕೊಳ್ಳಬೇಡಿ. ಕೊರಿಯಾದಲ್ಲಿ ಮಾರುವ ಶಿನ್‌ನ ಪುಡಿಯಲ್ಲಿ ಗೋಮಾಂಸದ ಸಾರ ಇರುತ್ತದೆ. ಚಾಪಗೆಟ್ಟಿಯಲ್ಲೂ ಮಾಂಸ ಉಂಟು. ‘ತರಕಾರಿ’ ಚಿತ್ರ ಹಾಕಿದ ಪೊಟ್ಟಣದಲ್ಲೂ ಒಣಮೀನಿನ ಪುಡಿ, ಸಿಂಪಿಯ ಸಾರ ಇರಬಹುದು. ಒಂದೇ ಹೆಸರಿನ ರಾಮ್ಯನ್ ಒಂದೊಂದು ದೇಶಕ್ಕೆ ಒಂದೊಂದು ಪದಾರ್ಥದೊಂದಿಗೆ ಹೋಗುವುದರಿಂದ, ಅಮೆರಿಕದಲ್ಲಿರುವ ಬಂಧುಗಳು ‘ಇದು ತಿನ್ನಬಹುದು’ ಎಂದ ಮಾತು ಬೆಂಗಳೂರಿನ ಅಂಗಡಿಯ ಪೊಟ್ಟಣಕ್ಕೆ ಅನ್ವಯಿಸಬೇಕಾಗಿಲ್ಲ. ಭಾರತದಲ್ಲಿ ನಿಯಮದ ಪ್ರಕಾರ ಬಂದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಅಥವಾ ಕಂದು ತ್ರಿಕೋನ ಇರಲೇಬೇಕು. ಎರಡೂ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ನಾಂಗ್‌ಶಿಮ್ ಕಂಪನಿಯೇ ‘ಸೂನ್’ ಹೆಸರಿನಲ್ಲಿ ಮಾಂಸವಿಲ್ಲದ ತರಕಾರಿ ರಾಮ್ಯನ್ ಮಾಡುತ್ತದೆ. ಭಾರತಕ್ಕೆಂದೇ ಹಸಿರು ಚುಕ್ಕೆಯೊಂದಿಗೆ ಬರುವ ಬಗೆಗಳೂ ಈಗ ಸಿಗುತ್ತವೆ.

ಜೊತೆಗೆ ಬಡಿಸುವ ಕಿಮ್ಚಿಯ ಬಗ್ಗೆಯೂ ಎಚ್ಚರ ಬೇಕು. ಎಲೆಕೋಸಿನ ಉಪ್ಪಿನಕಾಯಿ ತಾನೇ ಎಂದು ಬಹಳ ಮಂದಿ ಹಿಂದೆಮುಂದೆ ನೋಡದೆ ತಿನ್ನುತ್ತಾರೆ. ಸಾಮಾನ್ಯ ಕಿಮ್ಚಿಗೆ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಅಥವಾ ಮೀನಿನ ರಸ ಸೇರಿರುತ್ತದೆ. ಕೊರಿಯಾದ ಬೌದ್ಧ ಮಠಗಳಲ್ಲಿ ಮೀನೂ ಇಲ್ಲ, ಬೆಳ್ಳುಳ್ಳಿ-ಈರುಳ್ಳಿಯೂ ಇಲ್ಲ. ನಮ್ಮಲ್ಲಿ ಬೆಳ್ಳುಳ್ಳಿ ಮುಟ್ಟದ ಮನೆಯವರು ಹುಡುಕಬೇಕಾದದ್ದು ಮಠದ ಆ ಅಡುಗೆಯನ್ನು.

ಏನೂ ಸಿಗದಿದ್ದರೆ ಸಾರನ್ನು ಮನೆಯಲ್ಲೇ ಮಾಡಬಹುದು, ಕಷ್ಟವಿಲ್ಲ. ನಾಲ್ಕು ಒಣ ಅಣಬೆಗಳನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ. ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪಿನ ಬಿಳಿ ಬುಡ ಹಾಕಿ ಬಾಡಿಸಿ. ಒಲೆ ಆರಿಸಿದ ಮೇಲೆ ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ ಬೆರೆಸಿ. ಉರಿ ಇರುವಾಗ ಹಾಕಿದರೆ ಪುಡಿ ಸೀದು ಕಹಿಯಾಗುತ್ತದೆ. ಎಣ್ಣೆ ಕೆಂಪಾದ ಕೂಡಲೇ ಅಣಬೆ ನೆನೆಸಿದ ನೀರು, ಹೆಚ್ಚಿದ ಅಣಬೆ, ಎರಡು ಚಮಚ ಸೋಯಾ ಸಾಸ್, ಚಿಟಿಕೆ ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿ. ಇದಕ್ಕೆ ಮಸಾಲೆಯಿಲ್ಲದ ಯಾವ ನೂಡಲ್ಸ್ ಆದರೂ ಆಗುತ್ತದೆ. ಕೊರಿಯಾದ ಗೊಚುಗಾರು ಪುಡಿಯ ಹಾಗೆ ನಮ್ಮ ಬ್ಯಾಡಗಿಯೂ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಮೆಣಸು. ಗುಂಟೂರು ಮೆಣಸನ್ನು ಅಷ್ಟೇ ಅಳತೆಯಲ್ಲಿ ಹಾಕಿದರೆ ಬಣ್ಣಕ್ಕಿಂತ ಮೊದಲು ಉರಿ ಬರುತ್ತದೆ.

ಪ್ರಶ್ನೆ: ಸರಿಯಾಗಿ ಬೇಯಿಸುವುದು ಹೇಗೆ?

ಮೊದಲು ನೀರು ಅಳೆಯಿರಿ. ಕಣ್ಣಂದಾಜು ಬೇಡ. ಶಿನ್ ಪೊಟ್ಟಣದ ಮೇಲೆ 550 ಮಿಲಿಲೀಟರ್ ನೀರು, ನಾಲ್ಕೂವರೆ ನಿಮಿಷ ಎಂದು ಬರೆದಿದೆ. ಆ ಅಂಕಿಗಳನ್ನು ನಂಬಿ. ನೀರು ಹೆಚ್ಚಾದರೆ ಸಾರು ಸಪ್ಪೆ, ಕಡಿಮೆಯಾದರೆ ಬಾಯಿಗಿಡಲಾರದಷ್ಟು ಉಪ್ಪು. ಎರಡು ಪೊಟ್ಟಣ ಒಟ್ಟಿಗೆ ಬೇಯಿಸುವಾಗ ನೀರನ್ನು ಪೂರ್ತಿ ಇಮ್ಮಡಿ ಮಾಡಬೇಡಿ. ಆವಿಯಾಗಿ ಹೋಗುವ ನೀರು ಇಮ್ಮಡಿಯಾಗುವುದಿಲ್ಲವಲ್ಲ. ಒಂದು ಲೀಟರಿಗೆ ಸ್ವಲ್ಪ ಕಡಿಮೆಯೇ ಸಾಕು.

ಉರಿ ಜೋರಾಗಿರಲಿ, ಕೊನೆಯವರೆಗೂ. ನೀರು ತಳದಿಂದ ಮೇಲಕ್ಕೆ ಮಗುಚುವಂತೆ ಕುದಿಯುವಾಗ ಎಳೆಗಳ ಗಟ್ಟಿಯನ್ನು ಮುರಿಯದೆ ಹಾಕಿ. ಕೊರಿಯಾದಲ್ಲಿ ಉದ್ದನೆಯ ಎಳೆ ಹೀರಿ ತಿನ್ನುವುದೇ ಸೊಗಸು. ಒಂದು ನಿಮಿಷ ಮುಟ್ಟಬೇಡಿ. ಆಮೇಲೆ ಗಟ್ಟಿ ತಾನಾಗಿ ಸಡಿಲಾಗುತ್ತದೆ. ಆಗ ಮಗುಚಿ, ಎಳೆ ಬಿಡಿಸಿ. ಮೂರನೆಯ ನಿಮಿಷದಲ್ಲಿ ಕೊರಿಯಾದ ಮನೆಗಳಲ್ಲಿ ಎಳೆಗಳನ್ನು ಚಾಪ್‌ಸ್ಟಿಕ್‌ನಿಂದ ಸಾರಿನ ಮೇಲೆ ಎತ್ತಿ, ಗಾಳಿ ತಾಗಿಸಿ, ಮತ್ತೆ ಇಳಿಸುತ್ತಾರೆ. ಎಳೆ ಬಿಗಿಯಾಗುತ್ತದೆ ಎಂಬುದು ಅವರ ಮಾತು. ಮಾಡಿನೋಡಿ, ಎಳೆಗಳು ಒಂದಕ್ಕೊಂದು ಅಂಟುವುದಂತೂ ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇಳಿಸುವ ಹೊತ್ತು. ಎಳೆಯ ನಡುವೆ ಇನ್ನೂ ಸ್ವಲ್ಪ ಗಟ್ಟಿ ಇದೆ ಎನ್ನಿಸುವಾಗಲೇ, ಪೊಟ್ಟಣ ಹೇಳಿದ್ದಕ್ಕಿಂತ ಅರ್ಧ ನಿಮಿಷ ಮೊದಲು, ಉರಿ ಆರಿಸಿ. ಬಟ್ಟಲಿಗೆ ಹಾಕಿ ಕೂರುವಷ್ಟರಲ್ಲಿ ಅದು ಬಿಸಿ ಸಾರಿನಲ್ಲೇ ಬೆಂದು ಹದಕ್ಕೆ ಬರುತ್ತದೆ. ಫೋಟೊ ತೆಗೆಯುತ್ತ ಕೂತರೆ ಎಳೆ ಸಾರನ್ನೆಲ್ಲ ಕುಡಿದು ಊದಿಕೊಳ್ಳುತ್ತದೆ. ಊಟಕ್ಕೆ ಕೂರುವವರನ್ನು ಮೊದಲು ಕೂರಿಸಿ, ಆಮೇಲೆ ಉರಿ ಆರಿಸಿ.

ಪ್ರಶ್ನೆ: ಮೊದಲು ಪುಡಿಯೋ, ಎಳೆಯೋ?

ಕೊರಿಯಾದಲ್ಲಿ ಇದು ಮುಗಿಯದ ವಾದ. ಪುಡಿ ಮೊದಲು ಹಾಕಿದರೆ ಉಪ್ಪಿನಿಂದ ನೀರಿನ ಕುದಿಬಿಂದು ಏರಿ ಎಳೆ ಬೇಗ ಬೇಯುತ್ತದೆ ಎಂದು ಒಂದು ಪಕ್ಷ ಹೇಳುತ್ತದೆ. ಲೆಕ್ಕ ಹಾಕಿದರೆ, ಅರ್ಧ ಲೀಟರ್ ನೀರಿಗೆ ಐದು ಗ್ರಾಂ ಉಪ್ಪು ಬಿದ್ದಾಗ ಕುದಿಬಿಂದು ಏರುವುದು ಒಂದು ಡಿಗ್ರಿಯ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಅದರಿಂದ ಬೇಯುವ ವೇಗ ಬದಲಾಗದು. ಆದರೂ ನಾನು ಪುಡಿ ಮೊದಲು ಹಾಕುವವರ ಕಡೆ. ಮಸಾಲೆ ಕುದ್ದಷ್ಟೂ ಹಸಿ ವಾಸನೆ ಹೋಗುತ್ತದೆ, ಎಳೆಯೊಳಕ್ಕೂ ರುಚಿ ಇಳಿಯುತ್ತದೆ. ಕುದಿಯುವ ನೀರಿಗೆ ಪುಡಿ ಸುರಿದ ಕೂಡಲೇ ನೊರೆ ಉಕ್ಕಿ ಪಾತ್ರೆಯಿಂದ ಆಚೆ ಬರುತ್ತದೆ, ಕೈ ಸುಡಬಹುದು. ಹಾಗಾಗಿ ಪುಡಿಯನ್ನು ನೀರು ಕುದಿ ಬರುವ ಮೊದಲೇ ಹಾಕಿ.

ಪ್ರಶ್ನೆ: ಮೊಟ್ಟೆ ಯಾವಾಗ ಹಾಕಬೇಕು?

ಕೊನೆಯ ಒಂದು ನಿಮಿಷದಲ್ಲಿ. ಒಡೆದು ಹಾಕಿ ಕದಡದೆ ಬಿಟ್ಟರೆ ಸಾರು ತಿಳಿಯಾಗಿ ಉಳಿಯುತ್ತದೆ, ಹಳದಿ ಅರೆಬೆಂದಿರುತ್ತದೆ. ಕದಡಿದರೆ ಸಾರು ಮಂದವಾಗಿ, ಖಾರ ಇಳಿಯುತ್ತದೆ. ಖಾರ ಆಗದವರು ಕದಡಲಿ.

ಪ್ರಶ್ನೆ: ಧಾರಾವಾಹಿಗಳಲ್ಲಿ ಕಾಣುವ ಹಳದಿ ಪಾತ್ರೆ ಬೇಕೇ ಬೇಕೇ?

ಬೇಕಿಲ್ಲ. ಅದು ಹಳದಿ ಲೇಪದ ತೆಳು ಅಲ್ಯೂಮಿನಿಯಂ ಪಾತ್ರೆ. ಬೇಗ ಕಾಯುತ್ತದೆ ಎಂಬುದೇ ಅದರ ಗುಣ. ಬಟ್ಟಲಿನ ಬದಲು ಮುಚ್ಚಳದಲ್ಲೇ ಎಳೆ ಹಾಕಿಕೊಂಡು ಆರಿಸಿ ತಿನ್ನುವ ರೂಢಿಯೂ ಇದೆ. ನಿಮ್ಮ ಮನೆಯ ಸ್ಟೀಲ್ ಪಾತ್ರೆಯಲ್ಲಿ ಅಷ್ಟೇ ಚೆನ್ನಾಗಿ ಆಗುತ್ತದೆ. ಕೊಂಡರೂ, ಲೇಪ ಗೀಚಿ ಹೋದ ಮೇಲೆ ಅದರಲ್ಲಿ ಹುಳಿ, ಉಪ್ಪಿನ ಅಡುಗೆ ಮಾಡಬೇಡಿ.

ಪ್ರಶ್ನೆ: ಜೊತೆಗೆ ಏನು ತಿನ್ನುತ್ತಾರೆ?

ಕಿಮ್ಚಿ ಇಲ್ಲದೆ ರಾಮ್ಯನ್ ಪೂರ್ಣವಲ್ಲ. ಚೆನ್ನಾಗಿ ಹುಳಿ ಬಂದ ಹಳೆಯ ಕಿಮ್ಚಿಯಾದರೆ ಇನ್ನೂ ಒಳ್ಳೆಯದು: ಎಣ್ಣೆಯ ಜಿಡ್ಡನ್ನು ಆ ಹುಳಿ ಕತ್ತರಿಸುತ್ತದೆ. ಚಾಪಗೆಟ್ಟಿಗೆ ಹಳದಿ ಮೂಲಂಗಿಯ ಉಪ್ಪಿನಕಾಯಿ. ‘ಬುನ್‌ಶಿಕ್’ ಎಂದು ಕರೆಯುವ ಸಣ್ಣ ತಿಂಡಿಗಳನ್ನು ಮಾರುವ ಅಂಗಡಿಗಳಲ್ಲಿ ಅಕ್ಕಿ ಹಿಟ್ಟಿನ ತುಂಡು, ಕಡುಬಿನಂಥ ಮಾಂಡು ಅಥವಾ ಒಂದು ಹೋಳು ಚೀಸ್ ಹಾಕಿಯೂ ಕೊಡುತ್ತಾರೆ. ಕುಡಿದ ಮರುದಿನ ಬೆಳಿಗ್ಗೆ ತಲೆಭಾರ ಇಳಿಸಲೆಂದು ಮೊಳಕೆಕಾಳು ಹಾಕಿ ಬೇಯಿಸುವವರಿದ್ದಾರೆ.

ಎಳೆ ಮುಗಿದ ಮೇಲೆ ಉಳಿದ ಸಾರಿಗೆ ತಂಗಳನ್ನ ಕಲಸುವುದು ನನಗೆ ಬಹಳ ಇಷ್ಟ. ಬಿಸಿ ಅನ್ನ ಬೇಡ. ಅದು ಮುದ್ದೆಯಾಗಿ ಸಾರನ್ನು ಕೆಡಿಸುತ್ತದೆ. ಆರಿದ ಅನ್ನದ ಕಾಳುಗಳು ಬಿಡಿಬಿಡಿಯಾಗಿದ್ದು, ಒಂದೊಂದೂ ಸಾರನ್ನು ಹೀರಿಕೊಳ್ಳುತ್ತದೆ. ಕೊರಿಯನ್ನರೂ ಆರಿದ ಅನ್ನವನ್ನೇ ಹಾಕುವುದು. ಹೀಗೆ ತಿನ್ನುವ ಆಸೆಯಿದ್ದರೆ ಮೊದಲೇ ಪುಡಿಯನ್ನು ಮುಕ್ಕಾಲು ಭಾಗವಷ್ಟೇ ಹಾಕಿ.

ಪ್ರಶ್ನೆ: ಬುಲ್ಡಾಕ್ ತಿಂದು ತೋರಿಸುವ ಸವಾಲು ಮಾಡಬಹುದೇ?

ವಯಸ್ಕರು, ಹೊಟ್ಟೆಯ ತೊಂದರೆ ಇಲ್ಲದವರು ತಿನ್ನಲಿ. ಮಕ್ಕಳಿಗೆ ಬೇಡ. 2012ರಲ್ಲಿ ಸಾಮ್ಯಾಂಗ್ ತಂದ ಬುಲ್ಡಾಕ್‌ನಲ್ಲಿ ಸಾರಿಲ್ಲ, ಸಾಸ್ ಮಾತ್ರ. ಸಾರಿನಲ್ಲಿ ಕರಗಿ ಹಂಚಿಹೋಗಬೇಕಾದ ಖಾರವೆಲ್ಲ ನೇರ ನಾಲಿಗೆಗೆ ಬರುತ್ತದೆ. 2024ರ ಜೂನ್‌ನಲ್ಲಿ ಡೆನ್ಮಾರ್ಕ್‌ನ ಆಹಾರ ಇಲಾಖೆ ಬುಲ್ಡಾಕ್‌ನ ಅತಿ ಖಾರದ ಮೂರು ಬಗೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು, ಮರು ತಿಂಗಳು ಎರಡಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು. ಖಾರ ನೆತ್ತಿಗೇರಿದಾಗ ನೀರು ಕುಡಿದು ಪ್ರಯೋಜನವಿಲ್ಲ. ಮೆಣಸಿನ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು, ಮೊಸರು, ಗಟ್ಟಿ ಮಜ್ಜಿಗೆ ಕುಡಿಯಿರಿ.

ಪ್ರಶ್ನೆ: ಎಳೆಗೆ ಮೇಣ ಹಚ್ಚಿರುತ್ತಾರಂತೆ, ನಿಜವೇ? ಅಜಿನೊಮೊಟೊ?

ಮೇಣದ ಮಾತು ಸುಳ್ಳು. ನೀರಿನ ಮೇಲೆ ತೇಲುವುದು ಕರಿದ ಎಣ್ಣೆ.

ಅಜಿನೊಮೊಟೊ ಎಂದು ನಾವು ಕರೆಯುವ ಎಂಎಸ್‌ಜಿ ಎಂಬುದು ಗ್ಲುಟಮೇಟ್‌ನ ಲವಣ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ ಕಡಲಕಳೆಯ ಸಾರಿನ ರುಚಿಗೆ ಮೂಲ ಗ್ಲುಟಮೇಟ್ ಎಂದು ಗುರುತಿಸಿದರು. ಟೊಮೆಟೊ, ಅಣಬೆ, ಚೀಸ್‌ನಲ್ಲೂ ಗ್ಲುಟಮೇಟ್ ಸಹಜವಾಗಿಯೇ ಇದೆ. ಅಡುಗೆಯ ಪ್ರಮಾಣದಲ್ಲಿ ಅದರಿಂದ ಕೇಡಿಲ್ಲ. ನಮ್ಮ ಜನರಲ್ಲಿ ಈ ಭಯ ಬೇರೂರಿದ್ದು 2015ರಲ್ಲಿ ದೇಶದ ಪ್ರಸಿದ್ಧ ನೂಡಲ್ಸ್ ಒಂದರ ಮೇಲೆ ನಿಷೇಧ ಬಂದಾಗ. ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಮಾದರಿಗಳನ್ನು ಪರೀಕ್ಷೆಗೆ ಕಳಿಸಿದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯಕ್ಕೆ. ರಾಮ್ಯನ್‌ನಲ್ಲಿ ಚಿಂತಿಸಬೇಕಾದದ್ದು ಎಂಎಸ್‌ಜಿಯ ಬಗ್ಗೆ ಅಲ್ಲ, ಉಪ್ಪಿನ ಬಗ್ಗೆ.

ಪ್ರಶ್ನೆ: ಹಾಗಾದರೆ ಉಪ್ಪು ಎಷ್ಟು?

ತುಂಬ. ಸಾರಿನ ರಾಮ್ಯನ್ ಪೊಟ್ಟಣವೊಂದರಲ್ಲಿ ಸಾಮಾನ್ಯವಾಗಿ 1,700–1,900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಇಡೀ ದಿನಕ್ಕೆ 2,000 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸಾರಿನ ಸಮೇತ ಒಂದು ಬಟ್ಟಲು ಮುಗಿಸಿದರೆ ದಿನದ ಪಾಲು ಬಹುತೇಕ ಮುಗಿದಂತೆ. ರಾತ್ರಿ ರಾಮ್ಯನ್ ತಿಂದು ಮಲಗಿದರೆ ಬೆಳಿಗ್ಗೆ ಮುಖ ಊದಿರುತ್ತದೆ ಎಂದು ಕೊರಿಯನ್ನರು ಹೇಳುವುದು ಈ ಉಪ್ಪಿನಿಂದಲೇ. ಕೊರಿಯಾದ 10,711 ವಯಸ್ಕರ ಆಹಾರದ ಮಾಹಿತಿ ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾರಕ್ಕೆ ಎರಡು ಬಾರಿ ಅಥವಾ ಹೆಚ್ಚು ದಿಢೀರ್ ನೂಡಲ್ಸ್ ತಿನ್ನುವ ಮಹಿಳೆಯರಲ್ಲಿ ಸೊಂಟದ ಬೊಜ್ಜು, ರಕ್ತದೊತ್ತಡ, ಸಕ್ಕರೆ ಒಟ್ಟಿಗೆ ಕಾಡುವ ಸ್ಥಿತಿ ಹೆಚ್ಚಾಗಿ ಕಂಡುಬಂದಿದೆ ಎಂದಿತು. ನೂಡಲ್ಸೇ ಕಾರಣ ಎಂದು ಅದು ಸಾಧಿಸಲಿಲ್ಲ, ಆದರೆ ಕಡೆಗಣಿಸುವ ಮಾತೂ ಅಲ್ಲ.

ಪುಡಿ ಮೂರರಲ್ಲಿ ಎರಡು ಭಾಗ ಸಾಕು. ಕೊರತೆಯನ್ನು ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಅಣಬೆ ತುಂಬುತ್ತವೆ. ಸಾರನ್ನು ಬಟ್ಟಲಲ್ಲೇ ಬಿಡಿ. ಮೊಟ್ಟೆಯನ್ನೋ ತೋಫುವನ್ನೋ ಸೇರಿಸಿ. ವಾರಕ್ಕೊಮ್ಮೆ ತಿನ್ನಿ, ಸಂತೋಷವಾಗಿ ತಿನ್ನಿ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವ ಹಿರಿಯರು ಮನೆಯಲ್ಲಿದ್ದರೆ ಅವರ ಬಟ್ಟಲಿಗೆ ಈ ಪುಡಿ ಬೇಡವೇ ಬೇಡ.

ಪ್ರಶ್ನೆ: ಮಕ್ಕಳಿಗೆ?

ಚಿಕ್ಕವರಿಗೆ ಬೇಡ. ಶಾಲೆಗೆ ಹೋಗುವವರಿಗೆ ಅರ್ಧ ಪೊಟ್ಟಣ, ಕಾಲು ಭಾಗ ಪುಡಿ, ಜೊತೆಗೆ ತರಕಾರಿ. ಕೊರಿಯಾದ ಮಕ್ಕಳು ಹಸಿ ಎಳೆಯನ್ನೇ ಪೊಟ್ಟಣದೊಳಗೆ ಪುಡಿ ಮಾಡಿ, ಮಸಾಲೆ ಉದುರಿಸಿ, ಕುಲುಕಿ ತಿನ್ನುತ್ತಾರೆ. ನಮ್ಮ ಮಕ್ಕಳೂ ಇದನ್ನು ತಾವಾಗಿಯೇ ಕಂಡುಕೊಂಡಿದ್ದಾರೆ.

ಪ್ರಶ್ನೆ: ದನದ ಕೊಬ್ಬಿನ ಹಗರಣ ಎಂದು ಕೇಳಿದ್ದೇವೆ. ಏನದು?

1989ರ ನವೆಂಬರ್‌ನಲ್ಲಿ, ಸಾಮ್ಯಾಂಗ್ ಸೇರಿ ಕೆಲವು ಕಂಪನಿಗಳು ಕೈಗಾರಿಕಾ ಬಳಕೆಯ ದನದ ಕೊಬ್ಬಿನಲ್ಲಿ ನೂಡಲ್ಸ್ ಕರಿಯುತ್ತಿವೆ ಎಂದು ಕೊರಿಯಾದ ಸರ್ಕಾರಿ ಅಭಿಯೋಜಕರು ಆರೋಪ ಹೊರಿಸಿದರು. ಜನ ರೊಚ್ಚಿಗೆದ್ದರು, ಮಾಲು ವಾಪಸಾಯಿತು, ಮೊದಲ ರಾಮ್ಯನ್ ಮಾಡಿದ ಕಂಪನಿ ಮುಳುಗುವ ಹಂತಕ್ಕೆ ಬಂತು. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಿರ್ದೋಷಿ ಎಂದು ತೀರ್ಪು ಕೊಡುವ ಹೊತ್ತಿಗೆ ಮಾರುಕಟ್ಟೆ ಕೈತಪ್ಪಿಹೋಗಿತ್ತು. ಹಗರಣದ ಬಳಿಕ ಉದ್ಯಮ ತಾಳೆ ಎಣ್ಣೆಗೆ ಹೊರಳಿತು. 2025ರಲ್ಲಿ ಸಾಮ್ಯಾಂಗ್ ತನ್ನ ಮೊದಲ ರಾಮ್ಯನ್ ಬಂದ ವರ್ಷದ ಹೆಸರಿಟ್ಟು ‘ಸಾಮ್ಯಾಂಗ್ 1963’ ಎಂಬ, ಮತ್ತೆ ದನದ ಕೊಬ್ಬು ಬಳಸಿದ ರಾಮ್ಯನ್ ತಂದಿತು. ಅದನ್ನು ತಿನ್ನದವರು ಆ ಹೆಸರನ್ನು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಆಸ್ಕರ್ ಗೆದ್ದ ‘ಪ್ಯಾರಾಸೈಟ್’ ಚಿತ್ರದಲ್ಲಿ ತೋರಿಸಿದ ನೂಡಲ್ಸ್ ಯಾವುದು?

ಚಾಪಗೆಟ್ಟಿ ಮತ್ತು ನೊಗುರಿ ಬೆರೆಸಿದ ಜ್ಜಾಪಗುರಿ. ಚಿತ್ರ ಬರುವ ಎಷ್ಟೋ ವರ್ಷ ಮೊದಲೇ ಕೊರಿಯನ್ನರು ಮಾಡಿಕೊಳ್ಳುತ್ತಿದ್ದ ಬೆರಕೆ ಅದು. ಎರಡರ ಎಳೆಗಳನ್ನೂ ಒಟ್ಟಿಗೆ ಬೇಯಿಸಿ, ಏಳೆಂಟು ಚಮಚ ನೀರು ಮಾತ್ರ ಉಳಿಸಿ ಬಸಿಯಬೇಕು. ಕಪ್ಪು ಪುಡಿ ಪೂರ್ತಿ, ನೊಗುರಿಯ ಖಾರದ ಪುಡಿ ಅರ್ಧ. ಚಿತ್ರದಲ್ಲಿ ಅದರ ಮೇಲೆ ದುಬಾರಿ ಗೋಮಾಂಸ ಹಾಕುತ್ತಾರೆ. ಹುರಿದ ಅಣಬೆ ಹಾಕಿದರೂ ರುಚಿಗೆ ಕೊರತೆ ಇಲ್ಲ.

ಪ್ರಶ್ನೆ: ಸಿಯೋಲ್‌ಗೆ ಹೋದರೆ ಎಲ್ಲಿ ತಿನ್ನಬೇಕು?

ಹಾನ್ ನದಿಯ ದಂಡೆಯ ಉದ್ಯಾನಗಳಲ್ಲಿ. ಅಲ್ಲಿನ ಸಣ್ಣ ಅಂಗಡಿಗಳಲ್ಲಿ ಪೊಟ್ಟಣ ಕೊಂಡು, ಬೆಳ್ಳಿ ಬಣ್ಣದ ತಟ್ಟೆಯಲ್ಲಿಟ್ಟು ಯಂತ್ರದ ಮೇಲಿಟ್ಟರೆ ಅಳತೆಯ ಬಿಸಿನೀರು ಬಿದ್ದು ಕಣ್ಣೆದುರೇ ಕುದಿಯುತ್ತದೆ. ಹುಲ್ಲಿನ ಮೇಲೆ ಕೂತು ತಿನ್ನಬಹುದು. ಕಂಪ್ಯೂಟರ್ ಆಟದ ಕೇಂದ್ರಗಳಲ್ಲೂ ಕುರ್ಚಿಗೇ ತಂದುಕೊಡುತ್ತಾರೆ. ಸೇನೆಯಲ್ಲಿರುವ ಹುಡುಗರು ಪೊಟ್ಟಣದೊಳಗೇ ಬಿಸಿನೀರು ಸುರಿದು, ಬಾಯಿ ಮಡಿಚಿ ಕಟ್ಟಿ ಬೇಯಿಸಿಕೊಳ್ಳುವ ಒಂದು ಪದ್ಧತಿಯಿದೆ. ಪೊಟ್ಟಣ ಅದಕ್ಕಾಗಿ ಮಾಡಿದ್ದಲ್ಲವಾದ್ದರಿಂದ ಮನೆಯಲ್ಲಿ ಬೇಡ.

ಪ್ರಶ್ನೆ: ಕೊರಿಯನ್ ಗೆಳೆಯರು ‘ರಾಮ್ಯನ್ ತಿಂದು ಹೋಗುತ್ತೀಯಾ?’ ಎಂದರೆ?

ಯಾರು, ಯಾವಾಗ ಕೇಳಿದರು ಎಂಬುದನ್ನು ನೋಡಿ. 2001ರ ಒಂದು ಕೊರಿಯನ್ ಚಿತ್ರದ ಮಾತಿನಿಂದ ಹಬ್ಬಿ, ರಾತ್ರಿ ಹೊತ್ತು ಮನೆ ಬಾಗಿಲಲ್ಲಿ ಹೀಗೆ ಕರೆದರೆ ರಾತ್ರಿ ಉಳಿದುಕೊಳ್ಳುತ್ತೀಯಾ ಎಂಬ ಪ್ರಣಯದ ಇಂಗಿತವೂ ಅದರಲ್ಲಿ ಸೇರಿಕೊಂಡಿದೆ. ಮಧ್ಯಾಹ್ನ ಸಹೋದ್ಯೋಗಿ ಕೇಳಿದರೆ ಅದು ಬರೀ ಊಟದ ಮಾತು. ನೀವಾಗಿ ಇನ್ನೊಬ್ಬರನ್ನು ಕರೆಯುವಾಗಲೂ ಇದು ಗೊತ್ತಿರಲಿ.

ಪ್ರಶ್ನೆ: ಪೊಟ್ಟಣವನ್ನು ಎಷ್ಟು ದಿನ ಇಡಬಹುದು?

ಮೇಲೆ ಮುದ್ರಿಸಿದ ದಿನಾಂಕದವರೆಗೆ. ಕರಿದ ಪದಾರ್ಥವಾದ್ದರಿಂದ ಕೆಡುವುದು ಮೊದಲು ಎಣ್ಣೆಯೇ. ಒಲೆಯ ಪಕ್ಕದ ಕಪಾಟು, ಬಿಸಿಲು ಬೀಳುವ ಕಿಟಕಿ ಎರಡೂ ಬೇಡ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒಡೆದ ಪೊಟ್ಟಣದ ಪುಡಿ ಒಂದೇ ದಿನದಲ್ಲಿ ಗಟ್ಟಿಯಾಗುತ್ತದೆ. ಅರ್ಧ ಉಳಿಸುವುದಾದರೆ ಎಳೆಯನ್ನೂ ಪುಡಿಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಬೇಯಿಸುವ ಮೊದಲು ಎಳೆಯನ್ನು ಮೂಸಿ ನೋಡಿ. ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ದಿನಾಂಕ ಇನ್ನೂ ಬಾಕಿ ಇದ್ದರೂ ಎಸೆದುಬಿಡಿ.